ಸ್ಟಫ್ಡ್ ಆಲೂಗಡ್ಡೆ: ಸಿಪ್ಪೆ ಗರಿಗರಿ ಆಗೋದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ): ಫಾಯಿಲ್ ಸುತ್ತಿ ಓವನ್‌ನಲ್ಲಿ 180 ಡಿಗ್ರಿಗೆ ಬೇಯಿಸಿದ್ರೆ ಸಿಪ್ಪೆ ಮೆತ್ತಗಾಗುತ್ತೆ. ಹೂರಣಕ್ಕೆ ಅಂತ ತಿರುಳನ್ನ ಮಿಕ್ಸಿಗೆ ಹಾಕಿದ್ರೆ ಅಂಟಂಟು. ಎಲ್ಲಿ ತಪ್ತಿದೆ?

ಉತ್ತರ (ಸಾಗರ): ಮೊದಲು ಫಾಯಿಲ್ ಬಿಡಿ. ಒಳಗೆ ಹಬೆ ಕಟ್ಟಿಕೊಂಡ್ರೆ ಸಿಪ್ಪೆ ಗರಿಯಾಗಲ್ಲ. 200–250 ಗ್ರಾಂ ತೂಗೋ ಗಡ್ಡೆ ತೊಳೆದು ಪೂರ್ತಿ ಒರೆಸಿ. ನಮ್ಮ ಮಳೆಗಾಲದಲ್ಲಿ ಅರ್ಧ ಗಂಟೆ ಫ್ಯಾನಿನಡಿ ಆರಿಸಿದ್ರೆ ಒಳ್ಳೇದು. ಏಳೆಂಟು ಕಡೆ ಚುಚ್ಚಿ, ಎಣ್ಣೆ, ಉಪ್ಪು ಸವರಿ, ನೇರ ಜಾಲರಿ ಮೇಲೆ 200 ಡಿಗ್ರಿಯಲ್ಲಿ 60–70 ನಿಮಿಷ ಇಡಿ.

ಉತ್ತರ (ಶಿವಮೊಗ್ಗ): ಅಂಟಾಗೋಕೆ ಮಿಕ್ಸಿಯೇ ಕಾರಣ. ಬ್ಲೇಡಿಗೆ ಸಿಕ್ಕಿ ಪಿಷ್ಟ ಹೊರಬಂದು ಗೋಂದಿನ ಹಾಗಾಗುತ್ತೆ. ಬೆಂದ ಗಡ್ಡೆ ಉದ್ದಕ್ಕೆ ಸೀಳಿ, ಸಿಪ್ಪೆಗೆ ಅರ್ಧ ಸೆಂಟಿಮೀಟರ್ ತಿರುಳು ಉಳಿಸಿ ತೋಡಿ, ಬಿಸಿ ಇರುವಾಗಲೇ ಕೈಯಲ್ಲಿ ಹಿಸುಕಿ. 4 ಗಡ್ಡೆಗೆ 40 ಗ್ರಾಂ ಬೆಣ್ಣೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 100 ಗ್ರಾಂ, ತುರಿದ ಚೀಸ್ 60 ಗ್ರಾಂ, ಕಾಳುಮೆಣಸಿನ ಪುಡಿ. ಬೆಣ್ಣೆ ಮೊದಲು, ಮೊಸರು ಆಮೇಲೆ. ಖಾಲಿ ಸಿಪ್ಪೆಯ ಒಳಗೂ ಬೆಣ್ಣೆ ಸವರಿ 10 ನಿಮಿಷ ಓವನ್‌ನಲ್ಲಿಡಿ. ಈ ಹಂತ ಬಿಟ್ರೆ ಹೂರಣದ ತೇವಕ್ಕೆ ತಳ ಮೆತ್ತಗಾಗುತ್ತೆ. ತುಂಬಿದ ಮೇಲೆ ಇನ್ನೊಂದು 15 ನಿಮಿಷ.

ಉತ್ತರ (ಕೊಪ್ಪ): ಹೊಸ ಗಡ್ಡೆ ಬೇಡ, ನೀರಿನಂಶ ಹೆಚ್ಚು. ಹಸಿರು ತಿರುಗಿದ್ದು ಖಂಡಿತ ಬೇಡ, ಅದರಲ್ಲಿ ವಿಷಾಂಶ ಇರುತ್ತೆ, ಇಲ್ಲಿ ಸಿಪ್ಪೆ ಸಮೇತ ತಿನ್ನೋದಲ್ವಾ. ಖಾರಕ್ಕೆ ಹೂರಣಕ್ಕೆ ಎರಡು ಸೂಜಿಮೆಣಸು (ಪುಟ್ಟ, ತುಂಬಾ ಖಾರದ ಮೆಣಸಿನಕಾಯಿ) ಜಜ್ಜಿ ಹಾಕಿ.