ಬಂದಿಲ್ಲವೋ, ಬರಲಿಲ್ಲವೋ

ಮಂಡಕ್ಕಿಯ ಗಿರಮಿಟ್ ತರಲು ಹೇಳಿ ಅರ್ಧ ಗಂಟೆಯಾಗಿತ್ತು. ಧಾರವಾಡದ ಸಪ್ತಾಪುರದ ಚಹಾದಂಗಡಿಯ ಮುಂದಿನ ಬಾಕಿನ ಮೇಲೆ, ಜಿಟಿಜಿಟಿ ಮಳೆಗೆ ಕಾಲು ಮಡಚಿಕೊಂಡು ಕುಳಿತ ನಾಲ್ವರಲ್ಲಿ ಪಾಟೀಲರೊಬ್ಬರಿಗೆ ಮಾತ್ರ ಹಸಿವಿನ ಪರಿವೆ ಇರಲಿಲ್ಲ. ಅವರ ತೊಡೆಯ ಮೇಲೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಇನ್ನೂರು ಪುಟದ ನೋಟುಬುಕ್ಕು ತೆರೆದುಕೊಂಡಿತ್ತು.

"ಕೇಳಿರಿ," ಎಂದರು ಪಾಟೀಲರು. "ಕನ್ನಡದಲ್ಲಿ 'ಇಲ್ಲ' ಎಂದು ಬಂದಲ್ಲೆಲ್ಲ ಕಣ್ಣು ಮುಚ್ಚಿ ಹ್ಯಾವ್ ನಾಟ್ ಹಚ್ಚಬೇಕಂತೆ. ಇದೊಂದು ಸೂತ್ರ ಬಂದರೆ ಅರ್ಧ ಇಂಗ್ಲಿಷು ಬಂದಂತೆಯೇ. ಗಿರಮಿಟ್ ಹ್ಯಾಜ್ ನಾಟ್ ಕಮ್ ಯೆಟ್."

"ಈ ಸೂತ್ರಕ್ಕೆ ಫೀಜು ಎಷ್ಟು ಕೊಟ್ಟಿರಿ?" ಎಂದು ವೆಂಕಣ್ಣ ಕೇಳಿದ.

"ಮೂರು ಸಾವಿರ."

"ಗಿರಮಿಟ್ ಬಂದಿಲ್ಲ, ಮೂರು ಸಾವಿರ ತಿರುಗಿ ಬರುವುದಿಲ್ಲ. ಎರಡಕ್ಕೂ ಹ್ಯಾವ್ ನಾಟ್ ಹಚ್ಚಿ ನೋಡಿ, ಯಾವುದಕ್ಕೆ ಅಂಟುತ್ತದೆಯೋ ನೋಡೋಣ."

ಧಾರವಾಡದಲ್ಲಿ ಕಲ್ಲೆಸೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಎಂಬ ಮಾತು ಹಳೆಯದಾಯಿತು. ಈಗ ಅದೇ ಕಲ್ಲು ಕೋಚಿಂಗ್ ಕ್ಲಾಸಿನ ಬೋರ್ಡಿಗೆ ಬಡಿಯುತ್ತದೆ, ಆ ಬೋರ್ಡಿನಲ್ಲಿ ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಎಂದು ಬರೆದಿರುತ್ತದೆ. ವೆಂಕಣ್ಣನ ಸಿಟ್ಟೆಲ್ಲ ಆ ಬೋರ್ಡಿನ ಮೇಲೆ.

ವಕೀಲರಿಗೆ ಹ್ಯಾವ್ ಎಂಬ ಪದದ ಮೇಲೆಯೇ ಸಂಶಯ ಹುಟ್ಟಿತು. "ಹ್ಯಾವ್ ಎಂದರೆ ತನ್ನ ಹತ್ತಿರ ಇದೆ ಎಂದಲ್ಲವೆ? ಊಟವನ್ನೇ ಮಾಡದವನು ಐ ಹ್ಯಾವ್ ನಾಟ್ ಈಟನ್ ಎನ್ನುವಾಗ ಅವನ ಹತ್ತಿರ ಇರುವುದಾದರೂ ಏನು?"

"ಹಸಿವೆ," ಎಂದ ವೆಂಕಣ್ಣ. "ನಾವು 'ಉಂಡಿಲ್ಲ' ಎನ್ನುತ್ತೇವೆ, ಅಂದರೆ ಉಂಡು ಇಲ್ಲ, ಇಲ್ಲದ್ದನ್ನು ಇಲ್ಲ ಎಂದು ಬಿಟ್ಟುಬಿಡುತ್ತೇವೆ. ಸಾಹೇಬನೋ, ಉಣ್ಣದ ಊಟವನ್ನೂ ಹೊಲದಂತೆ ಉತಾರದಲ್ಲಿ ತನ್ನ ಹೆಸರಿಗೆ ಹಚ್ಚಿಸಿಕೊಂಡವನು. ಅವನು ಜಗತ್ತನ್ನು ಆಳಿದ್ದಕ್ಕೆ ನನಗೇನೂ ಆಶ್ಚರ್ಯವಿಲ್ಲ."

ಪಾಟೀಲರು ಸೋಲಲಿಲ್ಲ. "ಐ ಹ್ಯಾವ್ ನಾಟ್ ಸೀನ್ ಹಿಮ್ ಎಸ್ಟರ್‌ಡೇ," ಎಂದು ಇನ್ನೊಂದು ವಾಕ್ಯ ಒಗೆದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾದ ಮಾಸ್ತರರ ಕೈ, ಅಭ್ಯಾಸಬಲದಿಂದ, ಕಿಸೆಯಲ್ಲಿಲ್ಲದ ಕೆಂಪು ಪೆನ್ನಿಗೆ ಹೋಯಿತು. ನಿನ್ನೆ, ಮೊನ್ನೆ, ಹೋದ ವರ್ಷ ಎಂದು ಮುಗಿದ ಕಾಲವನ್ನು ಹೆಸರಿಸಿದ ಮೇಲೆ ಅಲ್ಲಿ ಹ್ಯಾವ್ ನಾಟ್ ನಡೆಯದು, ಡಿಡ್ ನಾಟ್ ಎಂದೇ ಹೇಳಬೇಕು ಎಂದರು.

"ಅಂದರೆ ಹ್ಯಾವ್ ಎಂಬುದು ಮಡಿ ಉಟ್ಟಿದೆ," ಎಂದು ವೆಂಕಣ್ಣ ಬಿಡಿಸಿ ಹೇಳಿದ. "ಎಸ್ಟರ್‌ಡೇ ತಾಕಿದರೆ ಮೈಲಿಗೆ. ಆಮೇಲೆ ಡಿಡ್ ಎಂಬ ತಣ್ಣೀರು ಸುರಿದುಕೊಂಡೇ ಒಳಗೆ ಬರಬೇಕು."

"ಅಮೆರಿಕದಲ್ಲಿ ಆ ಮಡಿಯೂ ಸಡಿಲವಾಗಿದೆ," ಎಂದರು ವಕೀಲರು. "ಊಟವಾಯಿತೆ ಎಂದು ಕೇಳಲು ನನ್ನ ಮಗಳು ಡಿಡ್ ಯು ಈಟ್ ಯೆಟ್ ಎನ್ನುತ್ತಾಳೆ."

"ನಮ್ಮ ಕಾಲದ ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ," ಎಂದು ಮಾಸ್ತರರು ನಿಟ್ಟುಸಿರಿಟ್ಟರು. ಆ ಸೊನ್ನೆಯನ್ನು ಸ್ವತಃ ಎಷ್ಟು ಮಂದಿಗೆ ಕೊಟ್ಟಿದ್ದರೋ.

ವೆಂಕಣ್ಣ ಈಗ ಬಾಕಿನ ತುದಿಗೆ ಸರಿದು ಕುಳಿತ. "ಕ್ಲಾಸಿಗೆ ಹೋಗುವ ಬದಲು ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲಿರಿ, ಪಾಟೀಲರೇ. ಕಂಟ್ರೋಲರನು 'ಬಂದಿಲ್ರೀ' ಎಂದರೆ ಹಳ್ಳಿಯ ಮುದುಕಿ ಗಂಟನ್ನು ಕೆಳಗಿಟ್ಟು, ಎಲೆಯಡಿಕೆಯ ಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿದು, ಉಗುರಿನ ತುದಿಯಲ್ಲಿ ಸುಣ್ಣ ಸವರುತ್ತಾಳೆ. ಏಕೆಂದರೆ ಬಸ್ಸು ಇನ್ನೂ ಬರುವುದಿದೆ. 'ಬರಲಿಲ್ರೀ' ಎಂದರೆ ಆ ಎಲೆಯನ್ನು ಹಾಗೆಯೇ ಬಾಯಿಗೆ ತುರುಕಿ ಡ್ರೈವರನ ಮನೆತನವನ್ನೆಲ್ಲ ಬೈಯುತ್ತಾಳೆ. 'ಬರಂಗಿಲ್ರೀ' ಎಂದರೆ ಬೈಗುಳವೂ ಇಲ್ಲ, ಗಂಟು ತಲೆಯ ಮೇಲೆ, ನಡೆದೇಬಿಟ್ಟಳು. ಮೂರು ಇಲ್ಲಗಳಿಗೆ ಮೂರು ಕೆಲಸ. ಅವಳು ಯಾರಿಗೂ ಫೀಜು ಕೊಟ್ಟವಳಲ್ಲ. ನಿಮ್ಮ ಕ್ಲಾಸಿನವನು ಮೂರಕ್ಕೂ ಒಂದೇ ಹ್ಯಾವ್ ನಾಟ್ ಹಚ್ಚಿ, ಮುದುಕಿಯನ್ನು ಸ್ಟ್ಯಾಂಡಿನಲ್ಲೇ ರಾತ್ರಿ ಕಳೆಯುವಂತೆ ಮಾಡುತ್ತಾನೆ."

ಮಾಸ್ತರರಿಗೆ ಹುರುಪು ಬಂತು. ಹಳೆಯ ಕನ್ನಡದ ನಿಷೇಧರೂಪಕ್ಕೆ ಕಾಲದ ಭೇದವೇ ಇರಲಿಲ್ಲವೆಂದೂ, ಹದಿಮೂರನೆಯ ಶತಮಾನದ ಕೇಶಿರಾಜನ ವ್ಯಾಕರಣವನ್ನು 1872ರಲ್ಲಿ ಅಚ್ಚು ಮಾಡಿಸಿದ ಕಿಟೆಲ್ ಸಾಹೇಬರು 1903ರಲ್ಲಿ ತಾವೇ ಒಂದು ಕನ್ನಡ ವ್ಯಾಕರಣ ಬರೆದರೆಂದೂ, ಬಾರೆ, ಅರಿಯೆ ಎಂದರೆ ನಿನ್ನೆಗೂ ನಾಳೆಗೂ ಒಂದೇ ರೂಪವೆಂದೂ ವಿವರಿಸಿದರು.

"ಆ ವಂಶದಲ್ಲಿ ನಮ್ಮ ಬಾಯಲ್ಲಿ ಗಟ್ಟಿಯಾಗಿ ಉಳಿದದ್ದು 'ಒಲ್ಲೆ' ಒಂದೇ," ಎಂದ ವೆಂಕಣ್ಣ. "ಅದಕ್ಕೂ ಕಾಲವಿಲ್ಲ. ಪಂಕ್ತಿಯಲ್ಲಿ ಹೋಳಿಗೆ ತಂದಾಗ ಅಂಗೈ ಅಡ್ಡ ಹಿಡಿದು ಒಲ್ಲೆ ಎಂದರೆ, ಬಡಿಸುವವಳು ಅದಕ್ಕೆ ಅರ್ಥವೂ ಇಲ್ಲವೆಂದು ತಿಳಿದು ಎರಡು ಹಾಕಿ ಹೋಗುತ್ತಾಳೆ."

ನಗು ಇಳಿಯುತ್ತಿದ್ದಂತೆ ಮಾಸ್ತರರು ಇನ್ನೊಂದು ನಿಯಮ ತೆಗೆದರು. ಒಬ್ಬರು ಒಂದನ್ನು ಎಂದೂ ಮಾಡಿಲ್ಲವೆಂದು ನೆವರ್ ಜೊತೆಗೆ ಹ್ಯಾಜ್ ಹಚ್ಚಿ ಹೇಳಬೇಕಾದರೆ ಆ ವ್ಯಕ್ತಿ ಬದುಕಿರಬೇಕು. "ಷಿ ಹ್ಯಾಜ್ ನೆವರ್ ಸೀನ್ ದ ಸೀ ಎಂದರೆ ಆಕೆ ಇದ್ದಾಳೆ, ನಾಳೆ ನೋಡಿಯಾಳು ಎಂದರ್ಥ. ತೀರಿಕೊಂಡ ಮೇಲೆ ಷಿ ನೆವರ್ ಸಾ ದ ಸೀ ಎನ್ನಬೇಕು. ಸತ್ತವರಿಗೆ ಆ ಹ್ಯಾಜ್ ಸಲ್ಲುವುದಿಲ್ಲ."

ವೆಂಕಣ್ಣ ಇದಕ್ಕೆ ಏನಾದರೂ ಅಂದಾನೆಂದು ಮೂವರೂ ಅವನತ್ತ ನೋಡಿದರು. ಅವನು ಖಾಲಿ ಕಪ್ಪನ್ನು ಬಸಿಯಲ್ಲಿ ತಿರುಗಿಸುತ್ತಿದ್ದ.

"ನಮ್ಮವ್ವ ಪ್ರತಿ ಶ್ರಾವಣದಲ್ಲಿಯೂ, ನಾ ಇನ್ನೂ ಗೋಕರ್ಣ ನೋಡಿಲ್ಲೋ ಎನ್ನುತ್ತಿದ್ದಳು," ಎಂದ. "ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ಆಗಲಿ, ಹೋಗೋಣ ಎನ್ನುತ್ತಿದ್ದೆ. ಅವಳ ಹದಿಮೂರನೆಯ ದಿನ ಯಾರೋ ಕೇಳಿದಾಗ, ಗೋಕರ್ಣ ನೋಡಲಿಲ್ಲ ಎಂದು ನನ್ನ ಬಾಯಿಂದ ತಾನಾಗಿಯೇ ಬಂತು. ಆಗ ನನಗೆ ವ್ಯಾಕರಣ ಯಾರೂ ಹೇಳಿಕೊಟ್ಟಿರಲಿಲ್ಲ, ಮಾಸ್ತರರೇ."

ಮಳೆ ನಿಂತಿತ್ತು. ಒಳಗಿನಿಂದ ಹುಡುಗ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, "ಗಿರಮಿಟ್ ಆಗಲೇ ಮುಗಿದೈತ್ರಿ, ಹೇಳೂದ ಮರತಿದ್ದೆ," ಎಂದ.

ಪಾಟೀಲರು ನೋಟುಬುಕ್ಕಿನ ಮೊದಲ ವಾಕ್ಯದ ಮೇಲೆ ಪೆನ್ನು ಹಿಡಿದು, "ಹಾಗಾದರೆ ಇದನ್ನು ಡಿಡ್ ನಾಟ್ ಮಾಡಲೆ?" ಎಂದು ಮೆಲ್ಲಗೆ ಕೇಳಿದರು.

"ಬೇಡ," ಎಂದ ವೆಂಕಣ್ಣ ಏಳುತ್ತ. "ಬಂದಿಲ್ಲ ಎಂದೇ ಇರಲಿ. ನಾಳೆ ಸ್ವಲ್ಪ ಬೇಗ ಬರೋಣ."