ಅಪ್ಪನಿಗೆ ಉಬ್ಬಸ, ಮಗಳಿಗೆ ಇಸುಬು: ನಿಮ್ಮ ಮನೆಗಳಲ್ಲಿ ಹೇಗೆ?

ಮಂಡ್ಯದಿಂದ ಕೇಳುತ್ತಿದ್ದೇನೆ. ಮಗಳಿಗೆ 8 ತಿಂಗಳು. ಕೆನ್ನೆ ಕೆಂಪಾಗಿ ಒರಟಾಗಿದೆ, ರಾತ್ರಿಯೆಲ್ಲ ಮುಖ ಉಜ್ಜಿಕೊಳ್ಳುತ್ತಾಳೆ. ಡಾಕ್ಟರು ಎಕ್ಸಿಮಾ, ಅಂದರೆ ಇಸುಬು ಅಂದರು, ಮನೆಯಲ್ಲಿ ಯಾರಿಗಿದೆ ಅಂತ ಕೇಳಿದರು. ಎರಡೂ ಕಡೆ ಚರ್ಮದ ತೊಂದರೆ ಯಾರಿಗೂ ಇಲ್ಲ. ಯಜಮಾನರಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತಂತೆ, ಅಷ್ಟೆ. ಅತ್ತೆ ಮಾತ್ರ ನಾನು ಬಾಣಂತನದಲ್ಲಿ ಬದನೆಕಾಯಿ ತಿಂದ ನಂಜು ಅಂತಾರೆ. ನಿಮ್ಮ ಅನುಭವ ಹೇಳಿ.

ಮೈಸೂರು, ಕುವೆಂಪುನಗರದಿಂದ:
"ಅಷ್ಟೆ" ಅಂದಿರಲ್ಲ, ಉತ್ತರ ಅಲ್ಲೇ ಇದೆ. ಮನೆತನದಲ್ಲಿ ಇಳಿದು ಬರುವುದು ಇಸುಬೇ ಅಂತಲ್ಲ, ಅಲರ್ಜಿಯ ಗುಣ. ಅದು ಒಬ್ಬರ ಚರ್ಮದಲ್ಲಿ ಕಾಣುತ್ತದೆ, ಒಬ್ಬರ ಮೂಗಿನಲ್ಲಿ, ಇನ್ನೊಬ್ಬರ ಎದೆಯಲ್ಲಿ. ನಮ್ಮಪ್ಪ ಬೆಳಗ್ಗೆ ಎದ್ದರೆ ಸಾಲಾಗಿ ಇಪ್ಪತ್ತು ಸೀನು, ಬೀದಿಗೆಲ್ಲ ಅದೇ ಅಲಾರಂ. ನನಗೆ ಮೊಣಕೈ ಮಡಿಕೆಯಲ್ಲಿ ತುರಿಕೆ. ದೊಡ್ಡ ಮಗನಿಗೆ ಮೊದಲು ಇಸುಬು, ಐದನೇ ವರ್ಷಕ್ಕೆ ಉಬ್ಬಸ. ಚಿಕ್ಕವಳಿಗೆ ಏನೂ ಇಲ್ಲ! ಅದೇ ಅಪ್ಪ ಅಮ್ಮ, ಅದೇ ಅನ್ನ ಸಾರು.

ಚರ್ಮದ ಡಾಕ್ಟರು ನನ್ನ ಅಂಗೈ ತಿರುಗಿಸಿ ನೋಡಿದರು. ಭವಿಷ್ಯ ಹೇಳುತ್ತಾರೇನೋ ಅಂದುಕೊಂಡೆ. ಗೆರೆ ಜಾಸ್ತಿ, ಆಳ. ಫಿಲಾಗ್ರಿನ್ ಅನ್ನೋ ಪ್ರೋಟೀನ್ ಚರ್ಮವನ್ನು ಗಟ್ಟಿಯಾಗಿಟ್ಟು ತೇವ ಹಿಡಿಯುತ್ತದೆ. ಅದರ ಜೀನ್‌ನಲ್ಲಿ ದೋಷ ಇರುವವರ ಅಂಗೈ ಹೀಗಿರುವುದುಂಟಂತೆ. ಎಕ್ಸಿಮಾಗೂ ಈ ಜೀನ್‌ಗೂ ಇರುವ ನಂಟು ಗೊತ್ತಾಗಿದ್ದು 2006ರಲ್ಲಿ. ಹೆಂಚು ಸರಿದ ಮನೆ ಇದ್ದಂಗೆ: ಒಳಗಿನ ತೇವ ಹೊರಗೆ, ಹೊರಗಿನ ಧೂಳು ಒಳಗೆ. ಆದರೆ ದೋಷ ಇದ್ದೂ ಇಸುಬು ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಹಾಗಾಗಿ ಯಾರ ಕಡೆಯಿಂದ ಬಂತು ಅನ್ನೋ ಪಂಚಾಯ್ತಿ ಸುಮ್ನೆ.

ಮದ್ದೂರಿನಿಂದ:
ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಹುಳುಕಡ್ಡಿ ಅಂದುಕೊಂಡು ಮೆಡಿಕಲ್ ಅಂಗಡಿಯಲ್ಲಿ ಟ್ಯೂಬ್ ತಂದು ಹಚ್ಚಿದೆವು. ಎರಡು ದಿನಕ್ಕೆ ಮಾಯ. ಬಿಟ್ಟ ಮೇಲೆ ದುಪ್ಪಟ್ಟು. ಅದರಲ್ಲಿ ಜೋರು ಸ್ಟಿರಾಯ್ಡ್ ಬೆರೆಸಿತ್ತು, ಮಗುವಿನ ಚರ್ಮ ತೆಳುವಾಯಿತು. ಡಾಕ್ಟರು ಬರೆದುಕೊಡುವ ಸ್ಟಿರಾಯ್ಡ್ ಬೇರೆ ಮಾತು. ಅದಕ್ಕೆ ಅಳತೆ ಇದೆ, ದಿನದ ಲೆಕ್ಕ ಇದೆ, ಹೆದರಿ ಅರ್ಧಕ್ಕೆ ಬಿಡಬೇಡಿ. ಸೋಪು, ಕಡಲೆಹಿಟ್ಟು ಹಾಕಿ ತಿಕ್ಕುವುದನ್ನು ನಿಲ್ಲಿಸಿದೆವು. ಉಗುರುಬೆಚ್ಚಗಿನ ನೀರು, ಮೈ ಪೂರ್ತಿ ಆರುವ ಮೊದಲೇ ಧಾರಾಳವಾಗಿ ಮಾಯಿಶ್ಚರೈಸರ್. ನಮ್ಮವನಿಗೆ ಆಲೆಮನೆ ಹೊಗೆ ಆಗಲ್ಲ, ಆ ಕಡೆ ಕರೆದುಕೊಂಡು ಹೋಗಲ್ಲ. ಬೆಲ್ಲ ಮನೆಗೇ ಬರುತ್ತದೆ, ಅಲ್ವಾ?

ಶ್ರೀರಂಗಪಟ್ಟಣದಿಂದ:
ಒಂದು ಮಾತು. ಮನೆಮಂದಿಯೆಲ್ಲ ಒಟ್ಟಿಗೆ ಕೆರೆಯಲು ಶುರು ಮಾಡಿದ್ದರೆ ಅದು ಕಜ್ಜಿ ಇರಬಹುದು, ತೋರಿಸಿ. ಕಜ್ಜಿ ಅಂಟುತ್ತದೆ, ಇಸುಬು ಅಂಟಲ್ಲ. ಇದು ಗೊತ್ತಿಲ್ಲದೆ ನನ್ನ ಮಗನನ್ನು ಅಂಗನವಾಡಿಯಲ್ಲಿ ಬೇರೆ ಕೂರಿಸಿದ್ದರು.

ಕೇಳಿದವರು, ಮಂಡ್ಯದಿಂದ:
ಎಲ್ಲರಿಗೂ ಥ್ಯಾಂಕ್ಸ್. ಅತ್ತೆಯನ್ನೇ ವಿಚಾರಿಸಿದೆ. ಧೂಳು ಹೊಡೆದರೆ ಸಾಕು, ಅವರಿಗೆ ಕಣ್ಣು ಮೂಗು ಸೋರುತ್ತದಂತೆ, ಮದುವೆಗೆ ಮುಂಚಿನಿಂದಲೂ. "ಅದು ನೆಗಡಿ ಕಣವ್ವ, ಕಾಯಿಲೆ ಅಲ್ಲ" ಅಂದರು.