ಕಲ್ಲು ಮೆಟ್ಟಿಲು: ‘ಜಲನಿರೋಧಕ’ ಯಾವುದಕ್ಕೆ, ‘ನೋಸಿಂಗ್’ಗೆ ಏನನ್ನೋಣ?

‘ವಾಟರ್‌ಪ್ರೂಫಿಂಗ್’ಗೂ ‘ಸೀಲರ್’ಗೂ ನಾವು ‘ಜಲನಿರೋಧಕ’ ಎಂದೇ ಬರೆಯುತ್ತಿದ್ದೇವೆ. ಮನೆಯ ಹೊರಗಿನ ಕಲ್ಲು ಮೆಟ್ಟಿಲಿನ ಮಟ್ಟಿಗೆ ಇದು ಬರೀ ಪದದ ತಕರಾರಲ್ಲ, ಕೆಲಸವೇ ಕೆಡುತ್ತದೆ. ಮೊದಲನೆಯದು ಕಲ್ಲಿನ ಕೆಳಗೆ ಬರುವಂಥದ್ದು. ಕಾಂಕ್ರೀಟಿನ ಮೇಲೆ ಪಾಲಿಮರ್ ಸಿಮೆಂಟಿನ ಲೇಪ ಎರಡು ಕೈ, ಒಂದಕ್ಕೊಂದು ಅಡ್ಡಡ್ಡ. ಮೆಟ್ಟಿಲು ಗೋಡೆಗೆ ಸೇರುವ ಮೂಲೆಯನ್ನು ಮೊದಲು ಗಾರೆಯಿಂದ ಗುಂಡಗೆ ತುಂಬಿ, ಲೇಪವನ್ನು ಗೋಡೆಗೂ 150 ಮಿ.ಮೀ. ಹತ್ತಿಸಬೇಕು. ಎರಡನೆಯದು ಹಾಸಿದ ಕಲ್ಲಿನ ಮೇಲೆ ಬಳಿಯುವ ಸಿಲೇನ್-ಸಿಲಾಕ್ಸೇನ್ ದ್ರವ. ಕಲ್ಲು ಪೂರ್ತಿ ಒಣಗಿದ್ದರೆ ಮಾತ್ರ ಅದು ಒಳಗಿಳಿಯುತ್ತದೆ. ಹೀರದೆ ಉಳಿದದ್ದನ್ನು ಕೂಡಲೇ ಒರೆಸದಿದ್ದರೆ ಕಲೆ ನಿಲ್ಲುತ್ತದೆ. ಇದು ಕಲ್ಲು ನೀರು ಹೀರದಂತೆ ನೋಡಿಕೊಳ್ಳುತ್ತದೆಯೇ ಹೊರತು ಸಂದಿನಲ್ಲಿ ಇಳಿಯುವ ನೀರನ್ನು ತಡೆಯುವುದಿಲ್ಲ. ‘ಜಲನಿರೋಧಕ ಬಳಿದಾಯಿತು’ ಎಂದು ಕೆಳಗಿನ ಲೇಪ ಬಿಟ್ಟರೆ, ಆ ನೀರು ಸಿಮೆಂಟಿನ ಸುಣ್ಣವನ್ನು ಕರಗಿಸಿಕೊಂಡು ಮೆಟ್ಟಿಲ ನಿಂತ ಮುಖದಲ್ಲಿ ಒಸರಿ ಬೆಳ್ಳಗೆ ಒಣಗುತ್ತದೆ. ಆ ಬಿಳುಪು ತೆಗೆಯಲು ಆಸಿಡ್ ಹಾಕಿದರಂತೂ ಶಹಾಬಾದ್ ಕಲ್ಲೇ ಕರಗುತ್ತದೆ, ಅದು ಸುಣ್ಣದ ಕಲ್ಲು. ಹಾಗಾಗಿ ಕೆಳಗಿನದಕ್ಕೆ ‘ನೀರುತಡೆ’, ಮೇಲಿನದಕ್ಕೆ ‘ಹೀರುತಡೆ’ ಎನ್ನಬಹುದೇ?

ಇನ್ನು ‘ನೋಸಿಂಗ್’, ಎಂದರೆ ಮೆಟ್ಟಿಲುಗಲ್ಲಿನ ಮುಂದಿನ ಅಂಚು. ಪದಕ್ಕೆ ಪದವಾಗಿ ‘ಮೂಗು’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಮುಂದಕ್ಕೆ 20–25 ಮಿ.ಮೀ. ಚಾಚಿದ ಆ ಅಂಚು ಮಾಡುವುದು ಮನೆಯ ಸೂರು ಮಾಡುವ ಕೆಲಸವನ್ನೇ: ನೀರನ್ನು ಗೋಡೆಯಿಂದ ದೂರ ಬೀಳಿಸುವುದು. ‘ಸೂರಂಚು’ ಎಂದರೆ ಅದು ಯಾಕಿದೆ ಎಂಬುದೂ ತಿಳಿಯುತ್ತದೆ. ಅದರ ಮೊನೆಯನ್ನು 2–3 ಮಿ.ಮೀ. ಉಜ್ಜಿ ಮೊಂಡಾಗಿಸಿರಬೇಕು, ಚೂಪಾಗಿ ಬಿಟ್ಟರೆ ಚಕ್ಕೆ ಏಳುತ್ತದೆ. ಪಾಲಿಶ್ ಮಾಡಿದ ‘ಹಾಫ್ ರೌಂಡ್’ (ಅರ್ಧ ಗುಂಡಗಿನ ಅಂಚು) ಒಳಾಂಗಣಕ್ಕೆ ಚೆಂದ, ಮಳೆಯಲ್ಲಿ ಕಾಲು ಜಾರುತ್ತದೆ. ಹೊರಗಾದರೆ, ಬೆಂಕಿ ಹಾಯಿಸಿ ಒರಟು ಮಾಡಿದ ಗ್ರಾನೈಟೇ ಸರಿ.

ಪುಸ್ತಕಗಳು ‘ಇಳಿಜಾರು’ ಎನ್ನುವಲ್ಲಿ ಗಾರೆಯವರು ‘ವಾಟ’ ಎನ್ನುತ್ತಾರೆ. ಇಳಿಜಾರು ತಾನಾಗಿಯೂ ಇರಬಹುದು, ವಾಟವನ್ನು ಕೊಡಬೇಕು. 300 ಮಿ.ಮೀ. ಅಗಲದ ಮೆಟ್ಟಿಲಿಗೆ ಮುಂದಕ್ಕೆ 5–6 ಮಿ.ಮೀ. ವಾಟ ಸಾಕು. ಈ ಪದವನ್ನು ಬರಹದಲ್ಲಿ ಉಳಿಸಿಕೊಳ್ಳಲೇಬೇಕು.

ಕೊನೆಯದು, ಸೂರಂಚಿನ ಅಡಿಯಲ್ಲಿ ಉದ್ದಕ್ಕೂ ಕೊರೆಯುವ ಗೀರು, ಸುಮಾರು 8 ಮಿ.ಮೀ. ಅಗಲ, 5 ಮಿ.ಮೀ. ಆಳ. ಅಡಿಗೆ ಅಂಟಿಕೊಂಡು ಹಿಂದಕ್ಕೆ ಹರಿಯುವ ನೀರು ಅಲ್ಲಿ ತಡೆದು ಹನಿಯಾಗಿ ಬೀಳುತ್ತದೆ. ಕಲ್ಲು ಕೂರಿಸುವ ಮೊದಲೇ ಕೊರೆಯಬೇಕು, ಆಮೇಲೆ ಯಂತ್ರದ ಬಿಲ್ಲೆ ಅಲ್ಲಿಗೆ ಹೋಗುವುದಿಲ್ಲ. ಇದಕ್ಕೆ ‘ಹನಿಗೀರು’ ಎಂದು ಸೂಚಿಸುತ್ತೇನೆ. ಕರಾವಳಿ, ಮಲೆನಾಡಿನ ಕಲ್ಲುಕೆಲಸದವರ ಬಾಯಲ್ಲಿ ಬೇರೆ ಮಾತಿದ್ದರೆ ತಿಳಿಸಿ, ಅದನ್ನೇ ಬಳಸೋಣ.